ಮಗು ಬದುಕಬೇಕು: ನಮ್ಮ ಧರ್ಮಕೇಂದ್ರದ ಶಾಲೆಗಳ ವಿಲೀನದ ಕುರಿತು



ಸೊಲೊಮೋನ ಅರಸನ ಮುಂದೆ ಬಂದ ಇಬ್ಬರು ಹೆಂಗಸರ ಕಥೆ ನಿಮಗೆಲ್ಲ ಗೊತ್ತು. ಅರಸರುಗಳ ಮೊದಲನೆಯ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಒಂದೇ ಮನೆ, ಇಬ್ಬರು ಬಾಣಂತಿಯರು. ಒಂದು ಮಗು ರಾತ್ರಿ ಸತ್ತಿದೆ. ಉಳಿದ ಮಗು ನನ್ನದು ಎಂದು ಇಬ್ಬರೂ ವಾದಿಸುತ್ತಾರೆ. ಅರಸ ಕತ್ತಿ ತರಿಸುತ್ತಾನೆ. ಮಗುವನ್ನು ಎರಡು ಪಾಲು ಮಾಡಿ ಆಳಿಗೊಂದು ಕೊಡಿ ಎನ್ನುತ್ತಾನೆ. ಆಗ ಒಬ್ಬಳು, ಆಗಲಿ, ನನಗೂ ಬೇಡ, ಅವಳಿಗೂ ಬೇಡ ಎನ್ನುತ್ತಾಳೆ. ಇನ್ನೊಬ್ಬಳ ಕರುಳು ಮಾತ್ರ ಕಿತ್ತು ಬರುತ್ತದೆ. ಮಗುವನ್ನು ಅವಳಿಗೇ ಕೊಟ್ಟುಬಿಡಿ, ಆದರೆ ಕೊಲ್ಲಬೇಡಿ ಎಂದು ಗೋಗರೆಯುತ್ತಾಳೆ. ಹೆತ್ತ ತಾಯಿ ಯಾರೆಂದು ಅರಸನಿಗೆ ಅಲ್ಲೇ ತಿಳಿಯುತ್ತದೆ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಅರಸನ ವಿವೇಕವನ್ನು ಹೊಗಳುವುದಕ್ಕೆ ಹೇಳುತ್ತೇವೆ. ಈ ವಾರ ಅರಸನನ್ನು ಬಿಟ್ಟು ಆ ತಾಯಿಯನ್ನು ಸ್ವಲ್ಪ ಹೊತ್ತು ನೋಡೋಣ. ಅವಳು ತನ್ನ ಹಕ್ಕನ್ನು ಬಿಟ್ಟುಕೊಡಲು ಸಿದ್ಧಳಾದಳು. ಮಗು ತನ್ನ ಮನೆಯಲ್ಲಿ ಬೆಳೆಯದಿದ್ದರೂ ಸರಿ, ಎಲ್ಲಾದರೂ ಬೆಳೆಯಲಿ ಎಂದಳು. ಆದರೆ ಅವಳು ಬಾಯಿ ಮುಚ್ಚಿ ಕೂರಲಿಲ್ಲ ಎಂಬುದನ್ನೂ ಗಮನಿಸಿ. ಅರಸನ ಮುಂದೆ ಕೂಗಿ ಹೇಳಿದಳು. ಅವಳು ಮಾತನಾಡದೆ ಹೋಗಿದ್ದರೆ ಆ ಮಗು ಉಳಿಯುತ್ತಿರಲಿಲ್ಲ.

ನಮ್ಮ ಧರ್ಮಪ್ರಾಂತ್ಯಗಳಲ್ಲಿ ಇಂದು ಅಂಥದ್ದೇ ಒಂದು ಪ್ರಶ್ನೆ ನಮ್ಮ ಮುಂದಿದೆ. ಮಕ್ಕಳಿಲ್ಲದೆ ಸೊರಗುತ್ತಿರುವ ಧರ್ಮಕೇಂದ್ರದ ಶಾಲೆಗಳನ್ನು ಏನು ಮಾಡಬೇಕು? ಎರಡು ಮೂರು ಶಾಲೆಗಳನ್ನು ಸೇರಿಸಿ ಒಂದು ಮಾಡಬೇಕೇ? ಮಾಡುವುದಾದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ಇದನ್ನು ಯಾರು, ಯಾವಾಗ, ಹೇಗೆ ತೀರ್ಮಾನಿಸಬೇಕು?

ಇಗರ್ಜಿಯ ಪಕ್ಕದ ಶಾಲೆ

ನಮ್ಮ ನಾಡಿನಲ್ಲಿ ಕಥೋಲಿಕ ಶಿಕ್ಷಣ ಎಂದಾಗ ದೊಡ್ಡ ಹೆಸರುಗಳು ಮೊದಲು ನೆನಪಾಗುತ್ತವೆ. 1870ರಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಪಾಠ ಹೇಳಲು ತೊಡಗಿದರು. 1880ರಲ್ಲಿ ಯೇಸುಸಭೆಯ ಗುರುಗಳು ಅದೇ ಊರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. 1882ರಲ್ಲಿ ಪ್ಯಾರಿಸ್ ಮಿಷನ್ನಿನ ಗುರುಗಳು ಬೆಂಗಳೂರಿನಲ್ಲಿ ಸಂತ ಜೋಸೆಫರ ಕಾಲೇಜನ್ನು ಕಟ್ಟಿದರು. ಇವೆಲ್ಲ ನಮ್ಮ ಹೆಮ್ಮೆ, ನಿಜ. ಆದರೆ ಹಳ್ಳಿಗಾಡಿನ ಬಹುಪಾಲು ಜನರ ಬದುಕನ್ನು ಮುಟ್ಟಿದ್ದು ಇಗರ್ಜಿಯ ಪಕ್ಕದಲ್ಲಿ ಹೆಂಚಿನ ಸೂರಿನಡಿ ನಡೆಯುತ್ತಿದ್ದ ಸಣ್ಣ ಕನ್ನಡ ಶಾಲೆಗಳು. ಊರವರು ಅವುಗಳನ್ನು ಪಾದ್ರಿಗಳ ಶಾಲೆ, ಸಿಸ್ಟರುಗಳ ಶಾಲೆ ಎಂದು ಕರೆದರು. ಅಲ್ಲಿ ಒಕ್ಕಲಿನ ಮಗುವೂ ಧಣಿಯ ಮಗುವೂ ಒಂದೇ ಬೆಂಚಿನಲ್ಲಿ ಕುಳಿತು ಮಗ್ಗಿ ಹೇಳಿದವು. ಹಿಂದೂ, ಮುಸ್ಲಿಮ್, ಕ್ರೈಸ್ತ ಎನ್ನದೆ ಮೂರು ನಾಲ್ಕು ತಲೆಮಾರು ಅಲ್ಲಿ ಅಕ್ಷರ ಕಲಿತವು.

ಇಂದು ಆ ಶಾಲೆಗಳಲ್ಲಿ ಹಲವು ಬಿಕೋ ಎನ್ನುತ್ತಿವೆ. ಕಾರಣಗಳು ಒಂದೆರಡಲ್ಲ. ನಮ್ಮ ಮನೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗಿದೆ. ಹರೆಯದವರು ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳ ದಾರಿ ಹಿಡಿದಿದ್ದಾರೆ. ಇಂಗ್ಲಿಷ್ ಮಾಧ್ಯಮದ ಶಾಲೆಯ ವ್ಯಾನು ಅಂಗಳದವರೆಗೆ ಬರುತ್ತದೆ. 1994ರಲ್ಲಿ ರಾಜ್ಯ ಸರಕಾರವು ಕೆಳಗಿನ ತರಗತಿಗಳಿಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ಆದೇಶಿಸಿತ್ತು. ಅದರ ಮೇಲೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಕೊನೆಗೆ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮಾಧ್ಯಮವನ್ನು ಆರಿಸುವ ಹಕ್ಕು ತಂದೆತಾಯಿಯರದು ಎಂದು ತೀರ್ಪಿತ್ತಿತು. ತಂದೆತಾಯಿಯರು ಅದಕ್ಕೂ ಮುಂಚೆಯೇ ಆರಿಸಿಯಾಗಿತ್ತು. ಇತ್ತ ಅನುದಾನಿತ ಶಾಲೆಯ ಶಿಕ್ಷಕರು ಒಬ್ಬೊಬ್ಬರಾಗಿ ನಿವೃತ್ತರಾದರೆ, ಆ ಹುದ್ದೆಗೆ ಮತ್ತೊಬ್ಬರನ್ನು ತುಂಬಲು ಅನುಮತಿ ಸಿಗುವುದರೊಳಗೆ ವರ್ಷಗಳು ಉರುಳುತ್ತವೆ. ಅಷ್ಟರಲ್ಲಿ ಇನ್ನಷ್ಟು ಮಕ್ಕಳು ಬಿಟ್ಟು ಹೋಗುತ್ತಾರೆ.

ಇಲ್ಲಿ ಯಾರನ್ನೂ ದೂಷಿಸುವ ಉದ್ದೇಶವಿಲ್ಲ. ತಮ್ಮ ಮಕ್ಕಳು ಮುಂದೆ ಬರಲಿ ಎಂದು ಬಯಸುವುದು ತಂದೆತಾಯಿಯರ ಧರ್ಮ. ಆದರೆ ಒಂದು ಸತ್ಯವನ್ನು ನಾವು ಒಪ್ಪಿಕೊಳ್ಳಬೇಕು. ಧರ್ಮಕೇಂದ್ರದ ಕನ್ನಡ ಶಾಲೆಯನ್ನು ಮುಚ್ಚಬಾರದು ಎಂದು ಸಭೆಯಲ್ಲಿ ಎದ್ದು ನಿಂತು ವಾದಿಸುವ ನಮ್ಮಲ್ಲಿ ಅನೇಕರ ಮೊಮ್ಮಕ್ಕಳು ಆ ಶಾಲೆಯ ಮೆಟ್ಟಿಲನ್ನು ಹತ್ತಿಲ್ಲ. ಹಾಗಾದರೆ ಇಂದು ಅಲ್ಲಿ ಕುಳಿತಿರುವ ಮಕ್ಕಳು ಯಾರು? ಕೂಲಿಗೆ ಹೋಗುವವರ ಮಕ್ಕಳು, ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು, ತೋಟದ ಲೈನಿನಲ್ಲಿ ವಾಸಿಸುವವರ ಮಕ್ಕಳು, ತಂದೆಯಿಲ್ಲದೆ ಅಜ್ಜಿಯ ಮಡಿಲಲ್ಲಿ ಬೆಳೆಯುವ ಮಕ್ಕಳು. ಅವರಿಗೆ ವ್ಯಾನು ಇಲ್ಲ, ಡೊನೇಶನ್ ಕೊಡುವ ಶಕ್ತಿ ಇಲ್ಲ. ನಮ್ಮ ಶಾಲೆಯ ಪ್ರಶ್ನೆ ಎಂದರೆ ಈ ಮಕ್ಕಳ ಪ್ರಶ್ನೆ.

ಎರಡು ಶೋಧನೆಗಳು

ಇಂಥ ಶಾಲೆಯ ಬಗ್ಗೆ ಯೋಚಿಸುವಾಗ ಎರಡು ಶೋಧನೆಗಳು ನಮ್ಮನ್ನು ಕಾಡುತ್ತವೆ.

ಮೊದಲನೆಯದು, ಏನೂ ಮಾಡದೆ ದಿನ ದೂಡುವುದು. ಅಜ್ಜಂದಿರು ಕಲ್ಲು ಹೊತ್ತು ಕಟ್ಟಿದ ಶಾಲೆ, ನಮ್ಮ ಕಾಲದಲ್ಲಿ ಮುಚ್ಚಿತು ಎಂಬ ಮಾತು ಬರಬಾರದು ಎಂಬ ಅಂಜಿಕೆ. ಮುಂದಿನ ವರ್ಷ ನೋಡೋಣ, ಹೊಸ ಗುರುಗಳು ಬರಲಿ ನೋಡೋಣ ಎನ್ನುತ್ತಲೇ ಇರುತ್ತೇವೆ. ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ ಲೆಕ್ಕದಲ್ಲಿ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ತರಗತಿಗಳೋ ಐದು. ಇಬ್ಬರಲ್ಲಿ ಒಬ್ಬರು ಇಲಾಖೆಯ ಸಭೆಗೋ ಗಣತಿಗೋ ಹೋದರೆ, ಉಳಿದೊಬ್ಬರು ಐದು ತರಗತಿಗಳನ್ನು ನೋಡಬೇಕು. ಬಿಸಿಯೂಟದ ಲೆಕ್ಕ ಬರೆಯಬೇಕು, ಬಂದ ಪೋಷಕರಿಗೆ ಉತ್ತರ ಕೊಡಬೇಕು. ಹೀಗೆ ವರ್ಷಗಳು ಕಳೆದರೆ ಶಾಲೆಯ ಹೆಸರು ಉಳಿಯುತ್ತದೆ, ಪಾಠ ಉಳಿಯುವುದಿಲ್ಲ. ನಾಲ್ಕನೆಯ ತರಗತಿಯ ಮಗು ತನ್ನ ಹೆಸರನ್ನು ತಪ್ಪಿಲ್ಲದೆ ಬರೆಯಲು ತಡವರಿಸುತ್ತದೆ. ನಮ್ಮ ಅಭಿಮಾನದ ಬೆಲೆಯನ್ನು ತೆರುವವನು ಆ ಬಡ ಮಗು.

ಎರಡನೆಯ ಶೋಧನೆ ಇದಕ್ಕೆ ತದ್ವಿರುದ್ಧ. ಮಕ್ಕಳಿಲ್ಲ, ಖರ್ಚು ಹೆಚ್ಚು, ಮುಚ್ಚಿಬಿಡೋಣ. ರಸ್ತೆ ಬದಿಯ ಜಾಗಕ್ಕೆ ಒಳ್ಳೆಯ ಬೆಲೆಯಿದೆ, ಕಲ್ಯಾಣ ಮಂಟಪವೋ ಅಂಗಡಿ ಸಾಲೋ ಕಟ್ಟಿದರೆ ಧರ್ಮಕೇಂದ್ರಕ್ಕೆ ಆದಾಯ ಎಂಬ ಲೆಕ್ಕಾಚಾರ. ಮಕ್ಕಳು ಎಲ್ಲಿಗೆ ಹೋದರು ಎಂದು ಮತ್ತೆ ಯಾರೂ ಕೇಳುವುದಿಲ್ಲ.

ಸೊಲೊಮೋನನ ಮುಂದೆ ನಿಂತ ತಾಯಿಯ ಮನಸ್ಸು ಈ ಎರಡರಲ್ಲೂ ಇಲ್ಲ. ಮಗು ನನ್ನ ಕೈಯಲ್ಲೇ ಇರಬೇಕು, ಸತ್ತರೂ ಸರಿ ಎಂದವಳು ತಾಯಿಯಲ್ಲ. ಮಗುವಿನ ಗೊಡವೆಯೇ ಬೇಡ ಎಂದವಳೂ ತಾಯಿಯಲ್ಲ. ಇವೆರಡರ ನಡುವೆ, ಮಗು ಬದುಕುವುದಕ್ಕೆ ಏನು ಬೇಕು ಎಂದು ಕೇಳುವುದೇ ತಾಯಿಯ ದಾರಿ. ವಿಲೀನದ ಯೋಜನೆ ಆ ಪ್ರಶ್ನೆಯಿಂದ ಹುಟ್ಟಬೇಕು.

ಒಂದು ದೂರದ ಧರ್ಮಪ್ರಾಂತ್ಯದ ಪಾಠ

ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ಅಮೆರಿಕದ ಧರ್ಮಸಭೆ ಇದನ್ನು ನಮಗಿಂತ ಬಹಳ ಮೊದಲೇ ಕಂಡಿದೆ. ಅಲ್ಲಿ ಫಿಲಡೆಲ್ಫಿಯಾದ ಧರ್ಮಾಧ್ಯಕ್ಷರಾಗಿದ್ದ ಸಂತ ಜಾನ್ ನ್ಯೂಮನ್ನರು 1852ರಿಂದ 1860ರವರೆಗೆ ಧರ್ಮಕೇಂದ್ರಗಳ ಶಾಲೆಗಳನ್ನೆಲ್ಲ ಒಂದು ವ್ಯವಸ್ಥೆಯಡಿ ತಂದರು. ಧರ್ಮಪ್ರಾಂತ್ಯವೇ ನೋಡಿಕೊಳ್ಳುವ ಶಾಲೆಗಳ ಪದ್ಧತಿಗೆ ಆ ದೇಶದಲ್ಲಿ ಅಡಿಪಾಯ ಹಾಕಿದವರು ಅವರೇ. 1884ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಧರ್ಮಾಧ್ಯಕ್ಷರು ಪ್ರತಿ ದೇವಾಲಯದ ಹತ್ತಿರ ಒಂದು ಶಾಲೆ ಇರಲೇಬೇಕು, ಎರಡು ವರ್ಷದೊಳಗೆ ಕಟ್ಟಬೇಕು ಎಂದು ಕಟ್ಟಪ್ಪಣೆ ಮಾಡಿದರು. ವಲಸೆ ಬಂದ ಬಡ ಐರಿಷ್, ಜರ್ಮನ್, ಇಟಾಲಿಯನ್, ಪೋಲಿಷ್ ಜನರು ಕಾಸಿಗೆ ಕಾಸು ಸೇರಿಸಿ ಶಾಲೆ ಕಟ್ಟಿದರು. ಕನ್ಯಾಸ್ತ್ರೀಯರು ಅತ್ಯಲ್ಪ ಸಂಭಾವನೆಯಲ್ಲಿ ಪಾಠ ಹೇಳಿದರು. 1960ರ ದಶಕದ ಮೊದಲ ವರ್ಷಗಳಲ್ಲಿ ಆ ದೇಶದ ಸುಮಾರು 13 ಸಾವಿರ ಕಥೋಲಿಕ ಶಾಲೆಗಳಲ್ಲಿ 52 ಲಕ್ಷದಷ್ಟು ಮಕ್ಕಳಿದ್ದರು.

ಬಳಿಕ ಇಳಿಗಾಲ. ಜನರು ನಗರದ ಹಳೆಯ ಕೇರಿಗಳನ್ನು ಬಿಟ್ಟು ಹೊರವಲಯಗಳಿಗೆ ಹೋದರು. ಕುಟುಂಬಗಳು ಚಿಕ್ಕವಾದವು. ಕನ್ಯಾಸ್ತ್ರೀಯರ ಸಂಖ್ಯೆ ಕುಸಿಯಿತು. ಅವರ ಜಾಗದಲ್ಲಿ ಬಂದ ಗೃಹಸ್ಥ ಶಿಕ್ಷಕರಿಗೆ ಸಂಸಾರ ನಡೆಸುವಷ್ಟು ಸಂಬಳ ಕೊಡಬೇಕಾಯಿತು. ಶುಲ್ಕ ಏರಿತು, ಮಕ್ಕಳು ಕಡಿಮೆಯಾದರು, ಮತ್ತೆ ಶುಲ್ಕ ಏರಿತು. ಇಂದು ಅಲ್ಲಿ ಉಳಿದಿರುವುದು ಸುಮಾರು 6 ಸಾವಿರ ಶಾಲೆಗಳು, ಸುಮಾರು 17 ಲಕ್ಷ ಮಕ್ಕಳು.

ನ್ಯೂಮನ್ನರ ಅದೇ ಫಿಲಡೆಲ್ಫಿಯಾದಲ್ಲಿ 2012ರ ಜನವರಿಯಲ್ಲಿ ಒಂದು ಸಮಿತಿಯ ವರದಿ ಹೊರಬಂತು. ನಲವತ್ತಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನೂ ನಾಲ್ಕು ಪ್ರೌಢಶಾಲೆಗಳನ್ನೂ ಅದೇ ವರ್ಷ ಮುಚ್ಚಬೇಕು ಅಥವಾ ಬೇರೆಯವುಗಳೊಡನೆ ಸೇರಿಸಬೇಕು ಎಂದಿತು ವರದಿ. ಮನೆಮನೆಯಲ್ಲಿ ಕಣ್ಣೀರು. ಆದರೆ ಜನರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಹಲವು ಧರ್ಮಕೇಂದ್ರಗಳು ಮೇಲ್ಮನವಿ ಸಲ್ಲಿಸಿದವು. ಮಕ್ಕಳ ಸಂಖ್ಯೆ, ಕಟ್ಟಡದ ಸ್ಥಿತಿ, ಸಾಲದ ಲೆಕ್ಕಗಳನ್ನು ತಾವೇ ಕಲೆಹಾಕಿ ಮುಂದಿಟ್ಟವು. ಅವುಗಳಲ್ಲಿ ಹಲವು ಮನವಿಗಳನ್ನು ಧರ್ಮಪ್ರಾಂತ್ಯ ಒಪ್ಪಿತು. ದಾನಿಗಳು ಮುಂದೆ ಬಂದರು; ಫೆಬ್ರವರಿ ತಿಂಗಳಲ್ಲೇ ಆ ನಾಲ್ಕು ಪ್ರೌಢಶಾಲೆಗಳು ಉಳಿಯುವುವೆಂದು ಪ್ರಕಟವಾಯಿತು.

ಇದರಿಂದ ನಾವು ಕಲಿಯಬೇಕಾದುದೇನು? ಜನರು ಗದ್ದಲ ಮಾಡಿದರೆ ತೀರ್ಮಾನ ಬದಲಾಗುತ್ತದೆ ಎಂದಲ್ಲ. ಬೇರೆ ಅನೇಕ ಶಾಲೆಗಳು ಆ ವರ್ಷ ನಿಜವಾಗಿಯೂ ಮುಚ್ಚಿದವು, ಮುಚ್ಚಬೇಕಾಗಿಯೂ ಇತ್ತು. ಕಲಿಯಬೇಕಾದುದು ಇದು: ಲೆಕ್ಕವನ್ನು ಜನರ ಕೈಗೆ ಕೊಟ್ಟರೆ ಜನರು ಯೋಚಿಸುತ್ತಾರೆ, ಹೊಣೆ ಹೊರುತ್ತಾರೆ, ಕೈಯಿಂದ ಹಣವನ್ನೂ ಬಿಚ್ಚುತ್ತಾರೆ. ಕೊನೆಯ ಘಳಿಗೆಯಲ್ಲಿ ಎಚ್ಚೆತ್ತು ಮಾಡಿದ ಕೆಲಸವನ್ನು ಮೂರು ವರ್ಷ ಮೊದಲೇ ಮಾಡಿದ್ದರೆ ಎಷ್ಟು ಕಣ್ಣೀರು ತಪ್ಪುತ್ತಿತ್ತು!

ಧರ್ಮಸಭೆ ಏನು ಹೇಳುತ್ತದೆ?

ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಲೋಕದ ಸಂಪತ್ತಿಲ್ಲದ ಬಡವರು, ಕುಟುಂಬದ ಆಸರೆಯಿಲ್ಲದವರು, ವಿಶ್ವಾಸದ ವರವಿಲ್ಲದವರು ಇವರ ಕಡೆಗೆ ಕಥೋಲಿಕ ಶಾಲೆ ವಿಶೇಷವಾಗಿ ಗಮನ ಕೊಡಬೇಕು ಎಂಬುದು ಅದರ ಆಶಯ. ರೋಮಿನ ಕಥೋಲಿಕ ಶಿಕ್ಷಣ ಪರಿಷತ್ತು 1977ರಲ್ಲಿ ಪ್ರಕಟಿಸಿದ ದಸ್ತಾವೇಜು ಇನ್ನೂ ಕಠಿಣವಾದ ಎಚ್ಚರಿಕೆ ಕೊಟ್ಟಿದೆ: ನಮ್ಮ ಶಾಲೆಗಳು ಉಳ್ಳವರ ಮಕ್ಕಳ ಕಡೆಗಷ್ಟೇ ವಾಲಿದರೆ, ಅನ್ಯಾಯದ ಸಮಾಜವನ್ನು ಇನ್ನಷ್ಟು ಗಟ್ಟಿ ಮಾಡಿದಂತಾಗುತ್ತದೆ. ಭಾರತದ ಧರ್ಮಾಧ್ಯಕ್ಷರು 2007ರಲ್ಲಿ ರೂಪಿಸಿದ ಶಿಕ್ಷಣ ನೀತಿಯೂ ಬಡವರಿಗೆ, ದಲಿತರಿಗೆ, ಬುಡಕಟ್ಟಿನವರಿಗೆ ಮೊದಲ ಮಣೆ ಹಾಕಬೇಕೆನ್ನುತ್ತದೆ.

1983ರ ಧರ್ಮಸಭಾ ಕಾನೂನು ಸಂಹಿತೆಯನ್ನೂ ಇಲ್ಲಿ ನೆನೆಯಬೇಕು. ಧರ್ಮಪ್ರಾಂತ್ಯದ ಕಥೋಲಿಕ ಶಾಲೆಗಳ ಮೇಲ್ವಿಚಾರಣೆ ಧರ್ಮಾಧ್ಯಕ್ಷರ ಹೊಣೆ ಎನ್ನುತ್ತದೆ 806ನೆಯ ವಿಧಿ. ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕು ಎನ್ನುತ್ತದೆ 537ನೆಯ ವಿಧಿ. ಭಕ್ತರು ಯಾವ ಉದ್ದೇಶಕ್ಕೆಂದು ಕಾಣಿಕೆ ಕೊಟ್ಟರೋ ಆ ಉದ್ದೇಶಕ್ಕೇ ಅದು ಸಲ್ಲಬೇಕು ಎನ್ನುತ್ತದೆ 1267ನೆಯ ವಿಧಿ. ಯಾರೋ ಒಬ್ಬ ಹಿರಿಯರು ಮಕ್ಕಳ ವಿದ್ಯೆಗೆಂದು ಒಂದು ತುಂಡು ಭೂಮಿ ಬರೆದುಕೊಟ್ಟಿದ್ದರೆ, ಆ ಶಾಲೆ ನಿಂತ ಮೇಲೂ ಆ ಭೂಮಿ ಮಕ್ಕಳ ವಿದ್ಯೆಯ ಋಣದಲ್ಲೇ ಇದೆ. ಅಲ್ಲಿಂದ ಬರುವ ಹಣವು ವಿಲೀನಗೊಂಡ ಶಾಲೆಯ ಬಸ್ಸಿಗೋ, ಬಡ ಮಕ್ಕಳ ಶುಲ್ಕಕ್ಕೋ ಹೋಗಬೇಕು.

ಯೋಜನೆ ಎಲ್ಲಿಂದ ಆರಂಭವಾಗಬೇಕು?

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸುವೇ ಹೇಳಿದ್ದಾರೆ. ಲೆಕ್ಕ ಹಾಕುವುದು ವಿಶ್ವಾಸದ ಕೊರತೆಯಲ್ಲ. ಪ್ರಾರ್ಥನೆ ಮಾಡಿದ ಮೇಲೆ ಪುಸ್ತಕ ತೆರೆಯಬೇಕು.

ಮೊದಲು ತೆರೆಯಬೇಕಾದ ಪುಸ್ತಕ ನಮ್ಮ ಗುರುಮನೆಯಲ್ಲೇ ಇದೆ: ಜ್ಞಾನಸ್ನಾನದ ದಾಖಲೆ. ಕಳೆದ ಐದು ವರ್ಷಗಳಲ್ಲಿ ಎಷ್ಟು ಮಕ್ಕಳಿಗೆ ಜ್ಞಾನಸ್ನಾನವಾಗಿದೆ? ಅದರ ಪಕ್ಕದಲ್ಲಿ ಶಾಲೆಯ ಹತ್ತು ವರ್ಷಗಳ ದಾಖಲಾತಿ ಪುಸ್ತಕವನ್ನಿಡಿ. ಅಂಗನವಾಡಿಯಿಂದ ಊರಿನ ಉಳಿದ ಮಕ್ಕಳ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಮುಂದಿನ ಐದು ವರ್ಷ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಬರಬಹುದು ಎಂಬುದು ಒಂದು ಸಂಜೆಯಲ್ಲಿ ತಿಳಿಯುತ್ತದೆ. ಅನೇಕ ವಾದಗಳು ಅಲ್ಲಿಗೇ ಮುಗಿಯುತ್ತವೆ.

ಎರಡನೆಯದು, ನೆರೆಯ ಧರ್ಮಕೇಂದ್ರದವರೊಡನೆ ಕುಳಿತುಕೊಳ್ಳುವುದು. ಉದಾಹರಣೆಗೆ ಅಕ್ಕಪಕ್ಕದ ಮೂರು ಶಾಲೆಗಳಲ್ಲಿ 22, 17, 31 ಮಕ್ಕಳಿದ್ದಾರೆ ಎಂದುಕೊಳ್ಳಿ. ಬೇರೆ ಬೇರೆಯಾಗಿ ನಡೆದರೆ ಮೂರೂ ಕುಂಟುತ್ತವೆ. ಒಟ್ಟುಗೂಡಿದರೆ 70 ಮಕ್ಕಳು. ಕಾಯಿದೆಯ ಪ್ರಕಾರ ಮೂವರು ಶಿಕ್ಷಕರಿರಬೇಕಾದ ಶಾಲೆ. ಮೂರು ಕಡೆ ಹಂಚಿಹೋಗುವ ದುರಸ್ತಿಯ ಹಣ ಒಂದೇ ಕಡೆ ಸೇರಿದರೆ ಒಂದು ವಾಹನಕ್ಕೂ ಇನ್ನೊಬ್ಬ ಶಿಕ್ಷಕಿಯ ಗೌರವಧನಕ್ಕೂ ದಾರಿಯಾದೀತು. ಆದರೆ ಹಬ್ಬದ ದಿನ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವ ನಾವು, ಶಾಲೆಯ ವಿಷಯ ಬಂದಾಗ ನಿಮ್ಮ ಇಗರ್ಜಿ, ನಮ್ಮ ಇಗರ್ಜಿ ಎಂದು ಬೇಲಿ ಹಾಕಿಕೊಳ್ಳುತ್ತೇವೆ. ಆ ಬೇಲಿ ಮೊದಲು ಬೀಳಬೇಕು.

ಮೂರನೆಯದು, ಸಣ್ಣ ಶಾಲೆ ಎಂದ ಮಾತ್ರಕ್ಕೆ ಕೆಟ್ಟ ಶಾಲೆ ಎಂದುಕೊಳ್ಳಬೇಡಿ. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿಕಲಿ ಪದ್ಧತಿ 1995ರಲ್ಲಿ ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಗಳಲ್ಲೇ ಹುಟ್ಟಿ, ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಸುತ್ತ ಬೇರೆ ಶಾಲೆಯೇ ಇಲ್ಲದ ಕಾಡಂಚಿನ ಊರಿನಲ್ಲಿ 20 ಮಕ್ಕಳ ಶಾಲೆಯನ್ನು ಉಳಿಸಿ, ಒಳ್ಳೆಯ ಶಿಕ್ಷಕರನ್ನು ಕೊಡುವುದೇ ಸರಿಯಾದ ಯೋಜನೆಯಾಗಬಹುದು. ವಿಲೀನ ಎಲ್ಲ ಕಾಯಿಲೆಗೂ ಒಂದೇ ಮದ್ದಲ್ಲ.

ನಾಲ್ಕನೆಯದು, ಯಾವ ಶಾಲೆ ಉಳಿಯಬೇಕು ಎಂಬ ಪ್ರಶ್ನೆ. ಅತ್ಯಂತ ದೊಡ್ಡ ಕಟ್ಟಡ ಯಾವುದು ಎಂದು ನೋಡಬೇಡಿ. ಅತ್ಯಂತ ಬಡ ಮಗು ಯಾವ ಶಾಲೆಗೆ ನಡೆದು ಬರಬಲ್ಲುದು ಎಂದು ನೋಡಿ. ಮಳೆಗಾಲದಲ್ಲಿ ಆ ಹಾದಿಯಲ್ಲಿ ಹಳ್ಳ ತುಂಬುತ್ತದೆಯೇ? ಹೆದ್ದಾರಿ ದಾಟಬೇಕೇ? ಬಸ್ಸು ತಪ್ಪಿದರೆ ಮಗು ಮನೆಗೆ ಹೇಗೆ ಹೋದೀತು? ಇದನ್ನು ನಕ್ಷೆಯಲ್ಲಿ ನೋಡಿದರೆ ಸಾಲದು. ಜುಲೈ ತಿಂಗಳಲ್ಲಿ ಒಂದು ದಿನ ಆ ಹಾದಿಯಲ್ಲಿ ನಡೆದು ನೋಡಬೇಕು.

ಐದನೆಯದು ಊಟದ ಪ್ರಶ್ನೆ. ಅನುದಾನಿತ ಶಾಲೆಯ ಮಗುವಿಗೆ ಅಕ್ಷರ ದಾಸೋಹದ ಬಿಸಿಯೂಟವಿದೆ, 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ. ಆ ಶಾಲೆಯನ್ನು ನಿಲ್ಲಿಸಿ ಮಕ್ಕಳನ್ನು ನಮ್ಮದೇ ಅನುದಾನರಹಿತ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದರೆ, ಕಾಗದದ ಮೇಲೆ ಅದು ಬಡ್ತಿಯಂತೆ ಕಾಣಬಹುದು. ಆದರೆ ಮಧ್ಯಾಹ್ನ ಒಂದು ಗಂಟೆಗೆ ಆ ಮಗುವಿನ ಎದುರು ತಟ್ಟೆ ಇರುತ್ತದೆಯೇ? ಇಲ್ಲವಾದರೆ ಆ ತಟ್ಟೆಯನ್ನು ತುಂಬುವವರು ಯಾರು? ಶುಲ್ಕ, ಸಮವಸ್ತ್ರ, ಪುಸ್ತಕ ಯಾರ ಲೆಕ್ಕದಲ್ಲಿ? ಇದಕ್ಕೆ ಉತ್ತರ ಬರೆಯದೆ ವಿಲೀನದ ನಿರ್ಣಯಕ್ಕೆ ಸಹಿ ಹಾಕಬಾರದು.

ಆರನೆಯದು, ಕೆಲಸಗಾರರು. ಅನುದಾನಿತ ಶಿಕ್ಷಕರನ್ನು ಬೇರೆ ಶಾಲೆಗೆ ನಿಯೋಜಿಸಲು ಇಲಾಖೆಯಲ್ಲಿ ದಾರಿಗಳಿವೆ. ಆದರೆ ಆಡಳಿತ ಮಂಡಳಿ ಕೊಡುವ ಅಲ್ಪ ಗೌರವಧನದಲ್ಲಿ ಹತ್ತು ಹದಿನೈದು ವರ್ಷ ದುಡಿದ ಶಿಕ್ಷಕಿಗೆ, ಅಡುಗೆಯ ಅಮ್ಮನಿಗೆ, ಗಂಟೆ ಹೊಡೆಯುವ ಜವಾನನಿಗೆ ಯಾವ ಸುತ್ತೋಲೆಯೂ ಆಸರೆಯಲ್ಲ. ಅವರಿಗೆ ಆಸರೆಯಾಗಬೇಕಾದವರು ನಾವು. ಹೊಸ ಶಾಲೆಯಲ್ಲಿ ಅವರಿಗೇ ಮೊದಲ ಅವಕಾಶ ಸಿಗಬೇಕು. ಅದಾಗದಿದ್ದರೆ ನ್ಯಾಯವಾದ ಪರಿಹಾರ ಸಿಗಬೇಕು. ಕೂಲಿಯವನ ಕೂಲಿಯನ್ನು ತಡೆಹಿಡಿದವರ ವಿರುದ್ಧ ಸಂತ ಯಕೋಬರು ತಮ್ಮ ಪತ್ರದಲ್ಲಿ ಎಷ್ಟು ಕಟುವಾಗಿ ಬರೆದಿದ್ದಾರೆಂದು ನಿಮಗೆ ನೆನಪಿರಬಹುದು.

ಏಳನೆಯದು, ಚಿಕ್ಕದಾಗಿ ಕಂಡರೂ ದೊಡ್ಡ ವಿಷಯ: ಹಳೆಯ ದಾಖಲೆಗಳು. ಐವತ್ತು ವರ್ಷಗಳ ಹಿಂದೆ ಅಲ್ಲಿ ಓದಿದವರಿಗೂ ಜನ್ಮದಿನಾಂಕಕ್ಕೆ, ಜಾತಿ ಪ್ರಮಾಣಪತ್ರಕ್ಕೆ ಆ ಶಾಲೆಯ ದಾಖಲಾತಿ ಪುಸ್ತಕವೇ ಆಧಾರವಾಗುವುದುಂಟು. ಶಾಲೆ ನಿಂತ ಮೇಲೆ ಆ ಪುಸ್ತಕಗಳು ಗೆದ್ದಲಿಗೆ ಆಹಾರವಾದರೆ ಬಡವನೇ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಅವು ಎಲ್ಲಿರುತ್ತವೆ, ಯಾರು ಕೊಡುತ್ತಾರೆ ಎಂಬುದು ಮೊದಲೇ ಗೊತ್ತಾಗಬೇಕು.

ಇನ್ನು ಸಮಯದ ಮಾತು. ಅನುದಾನಿತ ಶಾಲೆಯನ್ನು ಸ್ಥಳಾಂತರಿಸುವುದಾಗಲಿ ಸೇರಿಸುವುದಾಗಲಿ ಶಿಕ್ಷಣ ಇಲಾಖೆಯ ಅನುಮತಿಯೊಂದಿಗೇ ಆಗಬೇಕಾದ ಕೆಲಸ, ಬಿ.ಇ.ಓ. ಕಚೇರಿಯ ಕಡತ ಒಂದೆರಡು ವಾರದಲ್ಲಿ ಮುಗಿಯುವಂಥದ್ದಲ್ಲ. ಮೇ ತಿಂಗಳ ಕೊನೆಯ ಭಾನುವಾರ ಬಲಿಪೂಜೆಯ ನಂತರ ಪ್ರಕಟಣೆ ಓದಿ, ಜೂನ್ ಮೊದಲ ವಾರ ಬೀಗ ಹಾಕುವುದು ಮಕ್ಕಳಿಗೆ ಮಾಡುವ ದ್ರೋಹ. ಎರಡು ವರ್ಷ ಮೊದಲೇ ಮಾತುಕತೆ ಆರಂಭವಾಗಲಿ. ಕಡೆಯ ವರ್ಷದ ಡಿಸೆಂಬರಿನೊಳಗೆ ಪ್ರತಿ ಮನೆಗೂ ತೀರ್ಮಾನ ತಿಳಿದಿರಲಿ.

ಯಾರ ದನಿ ಕೇಳಬೇಕು?

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಓದಿ. ಆದಿ ಧರ್ಮಸಭೆಯಲ್ಲಿ ಊಟ ಹಂಚುವಾಗ ಗ್ರೀಕ್ ಭಾಷೆಯ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಎದ್ದಿತು. ಪ್ರೇಷಿತರು ಅದನ್ನು ಅದುಮಿಡಲಿಲ್ಲ. ಎಲ್ಲರನ್ನೂ ಕರೆದರು, ವಿಷಯವನ್ನು ಮುಂದಿಟ್ಟರು, ನಂಬಿಕಸ್ಥರಾದ ಏಳು ಮಂದಿಯನ್ನು ನೀವೇ ಆರಿಸಿ ಎಂದರು. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳನ್ನು ನೋಡಿದರೆ ಎಲ್ಲವೂ ಗ್ರೀಕ್ ಹೆಸರುಗಳು. ಯಾರ ತಟ್ಟೆ ಖಾಲಿಯಾಗಿತ್ತೋ ಆ ಕಡೆಯವರ ಕೈಗೇ ಸೌಟು ಕೊಟ್ಟರು!

ನಮ್ಮ ವಿಲೀನ ಸಮಿತಿಗಳಲ್ಲಿ ಯಾರಿದ್ದಾರೆ? ಗುರುಗಳು, ಸಂಚಾಲಕರು, ಪಾಲನಾ ಮಂಡಳಿಯ ಉಪಾಧ್ಯಕ್ಷರು, ಹಳೆವಿದ್ಯಾರ್ಥಿ ಸಂಘದ ಪದಾಧಿಕಾರಿಗಳು. ಎಲ್ಲರೂ ಬೇಕಾದವರೇ. ಆದರೆ ಆ ಶಾಲೆಯಲ್ಲಿ ಇಂದು ಮಗುವಿರುವ ಒಬ್ಬ ಕೂಲಿ ತಾಯಿ ಅಲ್ಲಿದ್ದಾಳೆಯೇ? ಅವಳು ಬಹುಶಃ ನಮ್ಮ ಧರ್ಮದವಳಲ್ಲ, ನಮ್ಮ ಊರಿನವಳೂ ಅಲ್ಲ. ಹಗಲು ಹೊತ್ತು ಸಭೆ ಕರೆದರೆ ಬರಲಾರಳು, ಅವಳ ದಿನಗೂಲಿ ಹೋಗುತ್ತದೆ. ಹಾಗಿದ್ದರೆ ಸಂಜೆ ಕರೆಯಿರಿ. ಅವಳು ಕುಳಿತುಕೊಳ್ಳಲು ಹಿಂಜರಿದರೆ ಕುರ್ಚಿ ಕೊಡಿ. ಸೊಲೊಮೋನನ ಆಸ್ಥಾನದಲ್ಲಿ ಮಾತನಾಡಿದವಳೂ ಸಮಾಜ ಗೌರವಿಸದ ಒಬ್ಬ ಹೆಂಗಸೇ ಆಗಿದ್ದಳು ಎಂಬುದನ್ನು ಮರೆಯಬೇಡಿ. ಅರಸ ಅವಳ ಮಾತನ್ನು ಕೇಳಿದ.

ನೋವು ಆಗುತ್ತದೆ. ಎಷ್ಟೇ ಚೆನ್ನಾಗಿ ಯೋಜಿಸಿದರೂ ಕೊನೆಯ ದಿನ ಗಂಟೆ ಬಾರಿಸಿದಾಗ ಗಂಟಲು ಕಟ್ಟುತ್ತದೆ. ಆ ನೋವಿಗೂ ಜಾಗ ಕೊಡೋಣ. ಶಾಲೆಯನ್ನು ಕಳ್ಳರಂತೆ ಮುಚ್ಚುವುದು ಬೇಡ. ಕೃತಜ್ಞತೆಯ ಬಲಿಪೂಜೆ ನಡೆಯಲಿ. ಬದುಕಿರುವ ಹಳೆಯ ಶಿಕ್ಷಕರನ್ನು ಕರೆದು ಶಾಲು ಹೊದಿಸೋಣ. ತೀರಿಹೋದವರ ಹೆಸರುಗಳನ್ನು ಪೀಠದ ಮುಂದೆ ಓದೋಣ. ಆ ದಿನವೇ ಮಕ್ಕಳನ್ನು ಮೆರವಣಿಗೆಯಲ್ಲಿ ಹೊಸ ಶಾಲೆಗೆ ಕರೆದುಕೊಂಡು ಹೋಗೋಣ. ಅಲ್ಲಿನವರು ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳಲಿ. ಮುಚ್ಚಿದ ಶಾಲೆಯ ಮಕ್ಕಳು ಎಂಬ ಮಾತು ಆ ಅಂಗಳದಲ್ಲಿ ಯಾರ ಬಾಯಿಂದಲೂ ಬರಬಾರದು.

ಪ್ರಿಯ ಓದುಗರೇ, ಇದು ಧರ್ಮಾಧ್ಯಕ್ಷರ ಕೆಲಸ, ಗುರುಗಳ ಕೆಲಸ, ನಮಗೇಕೆ ಎಂದು ಪುಟ ಮಗುಚಬೇಡಿ. ನಿಮ್ಮ ಧರ್ಮಕೇಂದ್ರದಲ್ಲಿ ಇಂಥ ಶಾಲೆ ಇದ್ದರೆ ಈ ತಿಂಗಳಲ್ಲಿ ಒಂದು ದಿನ ಅಲ್ಲಿಗೆ ಹೋಗಿ. ಯಾವ ಅಹವಾಲೂ ಬೇಡ, ಭಾಷಣವೂ ಬೇಡ. ಊಟದ ಹೊತ್ತಿಗೆ ಹೋಗಿ ಮಕ್ಕಳ ಜೊತೆ ಕುಳಿತುಕೊಳ್ಳಿ. ಅವರ ಹೆಸರು ಕೇಳಿ, ಮನೆ ಎಲ್ಲಿ ಎಂದು ಕೇಳಿ, ಒಂದು ಪಾಠ ಓದಿಸಿ ನೋಡಿ. ಅದಾದ ಮೇಲೆ ಪಾಲನಾ ಮಂಡಳಿಯ ಸಭೆಯಲ್ಲಿ ಮಾತನಾಡಿ. ನಿಮ್ಮ ಮಾತಿನ ಧಾಟಿಯೇ ಬೇರೆಯಾಗಿರುತ್ತದೆ.

ತಮ್ಮಲ್ಲಿ ದೊಡ್ಡವನಾರು ಎಂದು ಶಿಷ್ಯರು ವಾದಿಸುತ್ತಿದ್ದಾಗ ಯೇಸುಸ್ವಾಮಿ ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದರು. ನಮ್ಮ ಸಭೆಗಳಲ್ಲಿ ಮೇಜಿನ ಮೇಲೆ ನಕ್ಷೆ ಇರಲಿ, ಲೆಕ್ಕಪತ್ರ ಇರಲಿ, ಕಾನೂನು ಪುಸ್ತಕವೂ ಇರಲಿ. ಆದರೆ ನಡುವೆ ಮಗು ನಿಂತಿರಲಿ. ಆಗ ಯಾವ ಬಾಗಿಲನ್ನು ಮುಚ್ಚಬೇಕು, ಯಾವುದನ್ನು ಇನ್ನೂ ಅಗಲವಾಗಿ ತೆರೆಯಬೇಕು ಎಂಬುದು ನಮಗೆ ತಿಳಿಯುತ್ತದೆ.

ಮಕ್ಕಳನ್ನು ತಮ್ಮ ಬಳಿಗೆ ಬರಗೊಟ್ಟ ಪ್ರಭು, ನಮ್ಮ ಧರ್ಮಾಧ್ಯಕ್ಷರಿಗೂ ಗುರುಗಳಿಗೂ ತಂದೆತಾಯಿಯರಿಗೂ ಶಿಕ್ಷಕರಿಗೂ ಆ ತಾಯಿಯ ಕರುಳನ್ನೂ ಸೊಲೊಮೋನನ ವಿವೇಕವನ್ನೂ ದಯಪಾಲಿಸಲಿ. ಆಮೆನ್.